ಎಂಜಿನ್ ಕೂರಿಸೋದು ಸುಲಭ, ಮಿಕ್ಕಿದ್ದೇ ಎಂಜಿನಿಯರಿಂಗ್

ರಾತ್ರಿ ಹನ್ನೊಂದರ ಮೇಲೆ ಹಾಸ್ಟೆಲ್‌ನಲ್ಲಿ ಯಾವ ರೂಮಿಗೆ ಹೋದ್ರೂ ಎರಡರಲ್ಲೊಂದು ಓಡ್ತಿರುತ್ತೆ. ಒಂದೋ ಹಳೇ ಮ್ಯಾಚಿನ ಹೈಲೈಟ್ಸ್, ಇಲ್ಲಾಂದ್ರೆ ಅಮೆರಿಕದ ಯಾರೋ ಒಬ್ಬ ತನ್ನ ಮನೆ ಗ್ಯಾರೇಜಿನಲ್ಲಿ 1969ರ ಕಮಾರೋಗೆ ಹೊಸ ಕಾಲದ ವಿ8 ಎಂಜಿನ್ ಇಳಿಸೋ ವಿಡಿಯೋ. ನೋಡಿದ ಮೇಲೆ ಚರ್ಚೆಯೂ ಪ್ರತಿ ಸಲ ಒಂದೇ. ಒಂದು ಗುಂಪು "ಪಾಪ, ಅಷ್ಟು ಚೆಂದದ ಹಳೇ ಕಾರು ಕೆಡಿಸಿಬಿಟ್ಟ" ಅನ್ನುತ್ತೆ. ಇನ್ನೊಂದು ಗುಂಪು "ಇದರಲ್ಲಿ ಏನ್ ಮಹಾ ಗುರು, ನಮ್ಮೂರ ಗ್ಯಾರೇಜಲ್ಲೂ ಮಾಡ್ತಾರೆ, ಬಿಚ್ಚೋದು ಹಾಕೋದು ಅಷ್ಟೇ" ಅನ್ನುತ್ತೆ. ನಮಗೆ ಈ ಎರಡನ್ನೂ ಒಪ್ಪೋಕಾಗಲ್ಲ. ಎರಡನೆಯದನ್ನಂತೂ ಸುತಾರಾಂ ಇಲ್ಲ, ಯಾಕಂದ್ರೆ ಅದೇ ಮಾತನ್ನ ನಮ್ಮ ಪ್ರಾಜೆಕ್ಟ್ ರಿವ್ಯೂಗಳಲ್ಲೂ ಕೇಳ್ತಾ ಇದ್ದೀವಿ.

ಮೊದಲು "ಕೆಡಿಸಿದ" ಅನ್ನೋ ಮಾತು ನೋಡೋಣ. ಮಸಲ್ ಕಾರು ಅನ್ನೋ ಜಾತಿ ಹುಟ್ಟಿದ್ದೇ ಎಂಜಿನ್ ಬದಲಾವಣೆಯಿಂದ. ಮೊದಲ ಮಸಲ್ ಕಾರು ಅಂತ ಹೆಚ್ಚಿನವರು ಒಪ್ಪೋದು 1964ರ ಪಾಂಟಿಯಾಕ್ ಜಿಟಿಒವನ್ನ. ಆ ಕಾಲದಲ್ಲಿ ಜನರಲ್ ಮೋಟಾರ್ಸ್ ಒಳಗೊಂದು ನಿಯಮ ಇತ್ತು: ಮಧ್ಯಮ ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು. ಪಾಂಟಿಯಾಕ್‌ನವರು, ಅಂದ್ರೆ ಆಗ ಅಲ್ಲಿ ಚೀಫ್ ಎಂಜಿನಿಯರ್ ಆಗಿದ್ದ ಜಾನ್ ಡೆಲೋರಿಯನ್ ತಂಡ, ದೊಡ್ಡ ಕಾರಿನ 389 ಕ್ಯೂಬಿಕ್ ಇಂಚಿನ ವಿ8 ಎತ್ತಿ ಸಣ್ಣ ಟೆಂಪೆಸ್ಟ್ ಬಾಡಿಗೆ ಕೂರಿಸಿದ್ರು. ಹೊಸ ಮಾಡೆಲ್ ಅಂದ್ರೆ ನಿಯಮ ಅಡ್ಡ ಬರುತ್ತೆ ಅಂತ ಅದನ್ನ "ಆಪ್ಷನ್ ಪ್ಯಾಕೇಜ್" ಅಂತ ಪಟ್ಟಿಯಲ್ಲಿ ಸೇರಿಸಿದ್ರು. ಆಮೇಲೆ ಪೆನ್ಸಿಲ್ವೇನಿಯಾದ ಡಾನ್ ಯೆಂಕೋ ಅನ್ನೋ ಡೀಲರು 1967ರ ಕಮಾರೋಗಳಿಂದ ಕಂಪನಿ ಎಂಜಿನ್ ಇಳಿಸಿ, 427 ಕ್ಯೂಬಿಕ್ ಇಂಚಿನದ್ದು ಹಾಕಿ ಮಾರಿದರು. ಆ ಯೆಂಕೋ ಕಾರುಗಳೇ ಇವತ್ತು ಹರಾಜಿನಲ್ಲಿ ಎಲ್ಲರೂ ಬಾಯಿ ಬಿಟ್ಕೊಂಡು ನೋಡೋ "ಶುದ್ಧ ಕ್ಲಾಸಿಕ್"ಗಳು.

ಹಾಗಂತ ಎಲ್ಲದಕ್ಕೂ ಕೈ ಹಾಕಬಹುದು ಅಂತಲ್ಲ. ಎಂಜಿನ್ ಮೇಲಿನ ಸಂಖ್ಯೆ ಕಾರಿನ ಸಂಖ್ಯೆಗೆ ತಾಳೆ ಆಗೋ, ಅಪರೂಪದ ಆವೃತ್ತಿಯ ಕಾರನ್ನ ಮುಟ್ಟಬಾರದು ಅನ್ನೋದೇ ನಮ್ಮ ಅಭಿಪ್ರಾಯ. ಆದರೆ 1969ರ ಕಮಾರೋಗಳು ತಯಾರಾಗಿದ್ದು ಎರಡು ಲಕ್ಷಕ್ಕೂ ಹೆಚ್ಚು. ಅದರ ಬೇಸ್ ಎಂಜಿನ್ ಆರು ಸಿಲಿಂಡರಿನದು, 140 ಹಾರ್ಸ್‌ಪವರ್. ಅದೂ ಗ್ರಾಸ್ ಲೆಕ್ಕ, ಅಂದ್ರೆ ಎಂಜಿನ್ನನ್ನ ಹೊರಗೆ ಸ್ಟ್ಯಾಂಡಿನ ಮೇಲಿಟ್ಟು, ಕಾರಿನ ಸೈಲೆನ್ಸರು, ಆಲ್ಟರ್ನೇಟರು ಯಾವುದರ ಭಾರವೂ ಇಲ್ಲದೆ ಅಳೆದದ್ದು. ಅಮೆರಿಕದ ಕಂಪನಿಗಳು ನೆಟ್ ಲೆಕ್ಕಕ್ಕೆ ಬಂದಿದ್ದು 1972ರ ಮಾಡೆಲ್‌ಗಳಿಂದ. ಹಳೇ ಜಾಹೀರಾತಿನ ಅಂಕಿ ಹಿಡ್ಕೊಂಡು ಇವತ್ತಿನ ಎಂಜಿನ್ ಜೊತೆ ಹೋಲಿಸೋರು ಇದನ್ನ ಸ್ವಲ್ಪ ನೆನಪಿಟ್ಕೊಳ್ಳಿ. ಮೂಲ ಎಂಜಿನ್ ಯಾವತ್ತೋ ಗುಜರಿಗೆ ಹೋಗಿ, ಬರೀ ಬಾಡಿ ಉಳಿದಿರೋ ಕಾರಿಗೆ ಹೊಸ ಎಂಜಿನ್ ಹಾಕಿದ್ರೆ ಯಾವ ಇತಿಹಾಸವೂ ಮುಳುಗಲ್ಲ.

ಹಾಕೋ ಎಂಜಿನ್ ಹೆಚ್ಚಾಗಿ ಎಲ್‌ಎಸ್ ಕುಟುಂಬದ್ದೇ. 1997ರ ಕಾರ್ವೆಟ್‌ನಲ್ಲಿ ಬಂದ ಎಲ್‌ಎಸ್1 5.7 ಲೀಟರ್, ಅಲ್ಯೂಮಿನಿಯಂ ಬ್ಲಾಕ್, 345 ಹಾರ್ಸ್‌ಪವರ್, ನೆಟ್. 1999ರಿಂದ ಅದರ ತಮ್ಮಂದಿರು ಎರಕದ ಕಬ್ಬಿಣದ ಬ್ಲಾಕಿನಲ್ಲಿ ಷೆವರ್ಲೆ ಪಿಕಪ್‌ಗಳಿಗೆ ಬಂದರು. ಆ ಪಿಕಪ್‌ಗಳು ಅಲ್ಲಿ ನಮ್ಮ ಆಟೋಗಳಷ್ಟೇ ಮಾಮೂಲಿ, ಹಾಗಾಗಿ ಗುಜರಿಯಲ್ಲಿ ಎಂಜಿನ್ನಿಗೆ ಬರವಿಲ್ಲ. ಒಂದು ಕುತೂಹಲದ ವಿಷಯ: ಪಕ್ಕಪಕ್ಕದ ಎರಡು ಸಿಲಿಂಡರುಗಳ ನಡುವಿನ ಅಂತರ ಇದರಲ್ಲೂ 4.4 ಇಂಚೇ, 1955ರ ಷೆವರ್ಲೆ ವಿ8ನಲ್ಲಿದ್ದಷ್ಟೇ.

ಇಲ್ಲೊಂದು ವೈವಾ ಪ್ರಶ್ನೆ ಕೇಳ್ತೀವಿ. ಫೋರ್ಡಿನ ಕೊಯೋಟೆ ಎಂಜಿನ್ (2011ರ ಮಸ್ಟಾಂಗ್‌ನಲ್ಲಿ ಬಂದದ್ದು, 412 ಹಾರ್ಸ್‌ಪವರ್) 5 ಲೀಟರ್. ಎಲ್‌ಎಸ್‌ಗಿಂತ ಚಿಕ್ಕದು. ಆದರೂ ಹಳೇ ಕಾರಿನ ಬಾನೆಟ್ ಕೆಳಗೆ ಕೂರೋಕೆ ಒದ್ದಾಡುತ್ತೆ. ಯಾಕೆ? ಎಲ್‌ಎಸ್‌ನ ಒಂದೇ ಕ್ಯಾಮ್‌ಶಾಫ್ಟ್ ಬ್ಲಾಕಿನ ಹೊಟ್ಟೆಯೊಳಗಿದೆ, ಪುಶ್‌ರಾಡ್ ಮೂಲಕ ವಾಲ್ವ್ ಎತ್ತುತ್ತೆ. ಕೊಯೋಟೆಯಲ್ಲಿ ಪ್ರತಿ ಹೆಡ್ಡಿನ ಮೇಲೆ ಎರಡೆರಡು ಕ್ಯಾಮ್, ಹಾಗಾಗಿ ತಲೆ ದಪ್ಪ. 1960ರ ದಶಕದ ಮಸ್ಟಾಂಗ್‌ನಲ್ಲಿ ಸಸ್ಪೆನ್ಶನ್ ಹಿಡಿದಿರೋ ಶಾಕ್ ಟವರ್‌ಗಳು ಎಂಜಿನ್ ಜಾಗಕ್ಕೇ ಒತ್ತರಿಸಿಕೊಂಡು ನಿಂತಿವೆ. ಅವನ್ನ ಕತ್ತರಿಸಿ, ಮುಂದಿನ ಸಸ್ಪೆನ್ಶನ್ ಪೂರ್ತಿ ಬೇರೆ ಮಾಡಿದ ಮೇಲೇ ಬಹಳಷ್ಟು ಜನ ಈ ಎಂಜಿನ್ ಇಳಿಸೋದು. ನಾವು ನಾಲ್ಕು ವಾಲ್ವ್, ಡಬಲ್ ಓವರ್‌ಹೆಡ್ ಕ್ಯಾಮ್ ಅಂದ್ರೆ ಮುಂದುವರಿದದ್ದು, ಪುಶ್‌ರಾಡ್ ಅಂದ್ರೆ ಓಬಿರಾಯನ ಕಾಲದ್ದು ಅಂತ ಬರೆದು ಮಾರ್ಕ್ಸ್ ತಗೊಂಡಿರ್ತೀವಿ. ಜಾಗದ ಲೆಕ್ಕ ಬಂದ ಕೂಡಲೇ ಉತ್ತರ ತಿರುಗಿಬಿಡುತ್ತೆ.

ಈಗ ಅಸಲಿ ಕೆಲಸಕ್ಕೆ ಬರೋಣ. ಬಾಡಿಗೆ ಕ್ರೇನಿನಲ್ಲಿ ಎಂಜಿನ್ ಇಳಿಸೋದು ಒಂದು ಮಧ್ಯಾಹ್ನದ ಕೆಲಸ. ವಿಡಿಯೋದಲ್ಲಿ ಅದಕ್ಕೇ ಮ್ಯೂಸಿಕ್ ಹಾಕಿರ್ತಾರೆ. ಮಿಕ್ಕ ತಿಂಗಳುಗಳು ಹೋಗೋದು ಎಂಜಿನ್ನಿನ ಸುತ್ತ.

ಎಂಜಿನ್ ಮೌಂಟ್ ಹಳೇದಕ್ಕೆ ಮೂರು ಬೋಲ್ಟು, ಎಲ್‌ಎಸ್‌ಗೆ ನಾಲ್ಕು. ನಡುವೆ ಅಡಾಪ್ಟರ್ ಪ್ಲೇಟ್ ಬೇಕು. ಪಿಕಪ್ಪಿನ ಆಯಿಲ್ ಪ್ಯಾನ್ ಆಳ ಜಾಸ್ತಿ, ಕಾರಿನ ಕ್ರಾಸ್ ಮೆಂಬರಿಗೆ ತಾಗುತ್ತೆ, ಪ್ಯಾನ್ ಬದಲಿಸಬೇಕು. ಹಳೇ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಉಳಿಸ್ಕೊಳ್ತೀನಿ ಅಂದ್ರೆ ಬೋಲ್ಟಿನ ತೂತುಗಳು ಹೆಚ್ಚುಕಡಿಮೆ ಕೂಡುತ್ತವೆ. ಆದರೆ ಬಹುತೇಕ ಎಲ್‌ಎಸ್‌ಗಳ ಕ್ರ್ಯಾಂಕಿನ ತುದಿ ಹಳೇದಕ್ಕಿಂತ ಸುಮಾರು 10 ಮಿ.ಮೀ. ಒಳಗಿದೆ. ಅಲ್ಲಿ ಸ್ಪೇಸರ್ ಹಾಕದೆ "ಕೂತ್ಕೊಂತು ಬಿಡಪ್ಪ" ಅಂತ ಬೋಲ್ಟ್ ಬಿಗಿದರೆ ಟಾರ್ಕ್ ಕನ್ವರ್ಟರಿನ ಮೂಗಿಗೆ ಆಸರೆಯೇ ಇರಲ್ಲ.

ಪೆಟ್ರೋಲಿನ ಕಥೆ ಇನ್ನೂ ಸ್ವಾರಸ್ಯ. ಕಾರ್ಬ್ಯುರೇಟರಿಗೆ 5-7 ಪಿಎಸ್‌ಐ ಒತ್ತಡ ಸಾಕು. ಎಲ್‌ಎಸ್‌ನ ಇಂಜೆಕ್ಟರುಗಳಿಗೆ ಸುಮಾರು 58 ಪಿಎಸ್‌ಐ ಬೇಕು, ಅದೂ ಬಿಡುವಿಲ್ಲದೆ. ಸರಿ, ಎಲೆಕ್ಟ್ರಿಕ್ ಪಂಪ್ ಹಾಕಿದ್ರಾಯ್ತು, ಅಲ್ವಾ? ಆಗಲ್ಲ. ಹಳೇ ಟ್ಯಾಂಕಿನೊಳಗೆ ಅಡ್ಡಗೋಡೆಗಳಿಲ್ಲ. ಕಾಲು ಟ್ಯಾಂಕ್ ಪೆಟ್ರೋಲಿದ್ದಾಗ ತಿರುವಿನಲ್ಲಿ ಜೋರಾಗಿ ಹೋದ್ರೆ ಪೆಟ್ರೋಲೆಲ್ಲ ಒಂದು ಮೂಲೆಗೆ ಸೇರಿ ಪಂಪು ಗಾಳಿ ಎಳೆಯುತ್ತೆ. ಕಾರ್ಬ್ಯುರೇಟರ್ ಕಾಲದಲ್ಲೂ ಗಾಳಿ ಎಳೀತಿತ್ತು, ಆದರೆ ಫ್ಲೋಟ್ ಬೌಲ್‌ನಲ್ಲಿದ್ದ ಒಂದಿಷ್ಟು ಪೆಟ್ರೋಲು ಆ ಎರಡು ಸೆಕೆಂಡ್ ನಿಭಾಯಿಸ್ತಿತ್ತು. ಇಂಜೆಕ್ಷನ್ನಿಗೆ ಆ ಬಟ್ಟಲಿಲ್ಲ. ಒತ್ತಡ ಬಿತ್ತು ಅಂದ್ರೆ ಎಂಜಿನ್ ತಿರುವಿನ ಮಧ್ಯದಲ್ಲೇ ಮುಗ್ಗರಿಸುತ್ತೆ. ಹಾಗಾಗಿ ಬಾನೆಟ್ ಕೆಳಗಿನ ಎಂಜಿನ್ ಬದಲಿಸಿದವನು ಡಿಕ್ಕಿ ಕೆಳಗಿನ ಟ್ಯಾಂಕನ್ನೂ ಬದಲಿಸಬೇಕು, ಆ ಒತ್ತಡ ತಡೆಯೋ ಪೈಪನ್ನೂ ಎಳೀಬೇಕು. ಹಳೇ ರಬ್ಬರ್ ಪೈಪನ್ನೇ ಉಳಿಸಿದ್ರೆ ಬೆಂಕಿಗೆ ಆಮಂತ್ರಣ ಪತ್ರಿಕೆ ಕೊಟ್ಟ ಹಾಗೆ.

ವೈರಿಂಗ್ ಬಂತು ಅಂದ್ರೆ ನಮ್ಮ ಮೆಕ್ಯಾನಿಕಲ್‌ನವರು ಇಸಿ ಬ್ರಾಂಚಿನ ಗೆಳೆಯರನ್ನ ಹುಡುಕ್ಕೊಂಡು ಹೋಗೋದು. ಹಳೇ ಕಾರಿನಲ್ಲಿ ಎಂಜಿನ್ ಓಡೋಕೆ ಬೇಕಿದ್ದಿದ್ದು ಬೆರಳೆಣಿಕೆಯ ವೈರುಗಳು. ಹೊಸದರಲ್ಲಿ ಪ್ರತಿ ಸಿಲಿಂಡರಿಗೂ ಒಂದೊಂದು ಕಾಯಿಲ್, ಒಂದೊಂದು ಇಂಜೆಕ್ಟರ್, ಜೊತೆಗೆ ಒಂದು ಹಿಂಡು ಸೆನ್ಸರ್. ಗುಜರಿ ಪಿಕಪ್ಪಿನ ಇಸಿಯು ತನ್ನ ಹಳೇ ಗಾಡಿಯ ಕಳ್ಳತನ ತಡೆ ವ್ಯವಸ್ಥೆಯನ್ನ ಕೇಳುತ್ತೆ. ಅದು ಸಿಗದಿದ್ರೆ ಎಂಜಿನ್ ಓಡೋಕೆ ಬಿಡಲ್ಲ, ಸಾಫ್ಟ್‌ವೇರಿನಲ್ಲಿ ಹೋಗಿ ಅದನ್ನ ಆಫ್ ಮಾಡಬೇಕು. ಕ್ರ್ಯಾಂಕಿನ ಸ್ಥಾನ ಹೇಳೋ ಚಕ್ರ ಹಳೇ ಎಲ್‌ಎಸ್‌ಗಳಲ್ಲಿ 24ರದ್ದು, ಆಮೇಲಿನವುಗಳಲ್ಲಿ 58ರದ್ದು. ಒಂದರ ಎಂಜಿನ್ನಿಗೆ ಇನ್ನೊಂದರ ಇಸಿಯು ಕಟ್ಟಿದ್ರೆ ಸ್ಟಾರ್ಟರ್ ತಿರುಗ್ತಾನೇ ಇರುತ್ತೆ, ಎಂಜಿನ್ ಮಾತ್ರ ಮೌನವ್ರತ. ಇನ್ನು ಅರ್ತಿಂಗ್ ಪಾಯಿಂಟಿನ ಕೆಳಗೆ ಉಳಿದುಹೋದ ಪೇಂಟು ಎಷ್ಟು ಜನರ ಶನಿವಾರ ಭಾನುವಾರ ನುಂಗಿದೆಯೋ, ಲೆಕ್ಕ ಇಟ್ಟವರಿಲ್ಲ.

ನಮಗೆ ತುಂಬಾ ಹಿಡಿಸಿದ್ದು ಡ್ರೈವ್‌ಶಾಫ್ಟಿನ ಪಾಠ. ಪ್ಯಾನ್ ತಾಗುತ್ತೆ ಅಂತ ಎಂಜಿನ್ನನ್ನ ಮುಂದುಗಡೆ ಚೂರು ಎತ್ತರಿಸಿದ್ರು ಅಂದ್ಕೊಳ್ಳಿ. ಗೇರ್‌ಬಾಕ್ಸಿನ ಬಾಲ ತಗ್ಗುತ್ತೆ, ಅದರ ಶಾಫ್ಟಿಗೂ ಹಿಂದಿನ ಆಕ್ಸಲಿನ ಪಿನಿಯನ್ನಿಗೂ ಇದ್ದ ಸಮಾಂತರ ತಪ್ಪುತ್ತೆ. ಗಂಟೆಗೆ 100 ಕಿ.ಮೀ. ಆಗೋ ಹೊತ್ತಿಗೆ ಇಡೀ ಕಾರು ಗಡಗಡ. ಇದು ಬೇರೇನಲ್ಲ, ನಾವು ಕೈನೆಮ್ಯಾಟಿಕ್ಸ್ ಪೇಪರಿಗಾಗಿ ಉರು ಹೊಡೆದ ಹೂಕ್ಸ್ ಜಾಯಿಂಟ್. ಎರಡು ಜಾಯಿಂಟಿನ ಕೋನ ಸಮ ಇದ್ರೆ ವೇಗದ ಏರಿಳಿತ ಒಂದಕ್ಕೊಂದು ವಜಾ ಆಗುತ್ತೆ ಅಂತ ಎಲ್ಲರೂ ಬರೆದಿದ್ದೀವಿ. ಅದು ಕೂತವರ ಬೆನ್ನಿಗೆ ಹೇಗೆ ಗೊತ್ತಾಗುತ್ತೆ ಅಂತ ಪುಸ್ತಕದಲ್ಲಿ ಇಲ್ಲ.

ಕೊನೆಗೆ ಬ್ರೇಕು. ಕೊನೆಗೆ ಅಂತ ಬರೆದಿದ್ದು ಬೇಕಂತಲೇ, ಯಾಕಂದ್ರೆ ಹೆಚ್ಚಿನವರು ಇದನ್ನ ಕೊನೆಗೇ ಮಾಡ್ತಾರೆ, ದುಡ್ಡು ಮುಗಿದ ಮೇಲೆ. 1969ರ ಕಮಾರೋದ ಬೇಸ್ ಮಾಡೆಲ್ಲಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಮುಂದಿನ ಡಿಸ್ಕಿಗೆ ಹೆಚ್ಚಿನ ದುಡ್ಡು ಕೊಡಬೇಕಿತ್ತು. 140 ಹಾರ್ಸ್‌ಪವರ್ ಗ್ರಾಸ್ ಇದ್ದ ಗಾಡಿಗೆ 345 ನೆಟ್ ಹಾಕಿ, ಅದೇ ಡ್ರಮ್ಮು ಬಿಟ್ರೆ ಮೂಗಿಗಿಂತ ಮೂಗುತಿ ಭಾರ. ವೇಗ ಎರಡರಷ್ಟಾದ್ರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕರಷ್ಟು. ಡ್ರಮ್ಮು ಕಾದಂತೆಲ್ಲ ಹಿಡಿತ ಸಡಿಲ. ಬ್ರೇಕ್, ಸಸ್ಪೆನ್ಶನ್, ಟೈರು ಮುಗಿಸದೆ ಎಂಜಿನ್ ಖರೀದಿಸೋ ವಿಡಿಯೋ ಮಾಡೋರಿಗೆ ನಾವಂತೂ ಲೈಕ್ ಒತ್ತಲ್ಲ.

ಕ್ಯಾಲಿಫೋರ್ನಿಯಾದ ಕಾನೂನು ಈ ವಿಷಯದಲ್ಲಿ ನಮಗೆ ಮೆಚ್ಚುಗೆ. 1975 ಮತ್ತು ಅದಕ್ಕೂ ಹಿಂದಿನ ಕಾರುಗಳಿಗೆ ಅಲ್ಲಿ ಹೊಗೆ ತಪಾಸಣೆ ಇಲ್ಲ. ಆಮೇಲಿನ ಕಾರಿಗೆ ಎಂಜಿನ್ ಬದಲಿಸಬಹುದು, ಆದರೆ ಹೊಸ ಎಂಜಿನ್ ಕಾರಿನ ವರ್ಷದ್ದೋ ಅದಕ್ಕಿಂತ ಈಚಿನದ್ದೋ ಆಗಿರಬೇಕು, ಅದರ ಜೊತೆ ಬಂದ ಹೊಗೆ ನಿಯಂತ್ರಣದ ಸಾಮಾನೆಲ್ಲ ಹಾಗೇ ಇರಬೇಕು, ರೆಫರಿಗೆ ತೋರಿಸಿ ಒಪ್ಪಿಗೆ ತಗೋಬೇಕು. "ಮುಟ್ಟಬೇಡ" ಅನ್ನೋ ಬದಲು "ಸರಿಯಾಗಿ ಮಾಡಿ ತೋರಿಸು" ಅನ್ನೋ ಕಾನೂನು ಅದು.

ನಮ್ಮಲ್ಲಿ ಹಾಗಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಆಗೋ ಹಾಗೆ ಗಾಡಿ ಮಾರ್ಪಡಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತಾಯ್ತು. ಬೇರೆ ಇಂಧನಕ್ಕೆ, ಒಪ್ಪಿಗೆ ಪಡೆದ ಕಿಟ್ಟಿನ ಮೂಲಕ ಕರೆಂಟಿಗೆ ಬದಲಾಯಿಸೋಕೆ ಮಾತ್ರ ದಾರಿ ಇದೆ. ಹಾಗಾಗಿ ಈ ಲೇಖನ ಓದಿ ಯಾರೂ ಅಪ್ಪನ ಕಾರಿಗೆ ಕೈ ಹಾಕಬೇಡಿ. (ಕಂಪನಿಯೇ ಮಾಡಿದ್ರೆ ಮಾತ್ರ ಪರವಾಗಿಲ್ಲ. 1990ರ ದಶಕದಲ್ಲಿ ನಮ್ಮ ಅಂಬಾಸಿಡರ್‌ಗೆ 1.8 ಲೀಟರಿನ ಇಸುಜು ಎಂಜಿನ್ ಬಂತಲ್ಲ, ಅದು ಇದೇ ಜಾತಿಯ ಕೆಲಸ.)

ಆದರೆ ರಸ್ತೆಗಿಳಿಯದ ಗಾಡಿಯಲ್ಲಿ ಈ ಕೆಲಸ ನಾವು ಈಗಾಗಲೇ ಮಾಡ್ತಾ ಇದ್ದೀವಿ. ಫಾರ್ಮುಲಾ ಸ್ಟೂಡೆಂಟ್ ಕಾರು ಅಂದ್ರೆ ಮತ್ತೇನು? ಕೆಟಿಎಂ 390ರ ಎಂಜಿನ್ ಬೈಕಿನಿಂದ ಇಳಿಸಿ, ನಾವೇ ವೆಲ್ಡ್ ಮಾಡಿದ ಫ್ರೇಮಿಗೆ ಕೂರಿಸಿ, ನಿಯಮದಂತೆ 20 ಮಿ.ಮೀ. ರಿಸ್ಟ್ರಿಕ್ಟರ್ ಮೂಲಕ ಉಸಿರಾಡಿಸೋದು. ಅಲ್ಲಿ ಬೈಕಿನ ಇಸಿಯು "ಸೈಡ್ ಸ್ಟ್ಯಾಂಡ್ ಎಲ್ಲಪ್ಪಾ?" ಅಂತ ಕೇಳುತ್ತೆ, ನಾಲ್ಕು ಚಕ್ರದ ಗಾಡಿಯಲ್ಲಿ ಸೈಡ್ ಸ್ಟ್ಯಾಂಡ್ ಎಲ್ಲಿಂದ ತರೋದು! ಇಷ್ಟೆಲ್ಲ ಬಗೆಹರಿಸಿ ರಿವ್ಯೂಗೆ ನಿಂತರೆ ಕೇಳೋ ಪ್ರಶ್ನೆ: "ಎಂಜಿನ್ ಕೊಂಡಿದ್ದು, ಗೇರ್‌ಬಾಕ್ಸ್ ಕೊಂಡಿದ್ದು. ಇದರಲ್ಲಿ ನಿಮ್ಮದು ಏನಿದೆ? ಬರೀ ಅಸೆಂಬ್ಲಿ ಅಲ್ವಾ?" ಪಕ್ಕದ ಬ್ಯಾಚು ಯಾವತ್ತೂ ಯಾರೂ ತಯಾರು ಮಾಡದ ಪಿಸ್ಟನ್ನಿಗೆ ಬಣ್ಣಬಣ್ಣದ ಸ್ಟ್ರೆಸ್ ಚಿತ್ರ ತೋರಿಸಿ ಹೆಚ್ಚು ಅಂಕ ತಗೊಂಡು ಹೋಗುತ್ತೆ. ಸಿಮ್ಯುಲೇಶನ್ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಆ 10 ಮಿ.ಮೀ. ಅಂತರ, ಆ ಅಡ್ಡಗೋಡೆ ಇಲ್ಲದ ಟ್ಯಾಂಕು, ಆ ತಪ್ಪಿದ ಕೋನ, ಇವನ್ನ ಅಳೆದು ಹುಡುಕಿದವರಿಗೆ "ನಿಮ್ಮದೇನಿದೆ" ಅಂತ ಕೇಳೋದು ಅನ್ಯಾಯ.

ಮುಂದೆ ಇದು ಇನ್ನೂ ಹೆಚ್ಚಾಗುತ್ತೆ. 2021ರಲ್ಲಿ ಫೋರ್ಡ್ 'ಎಲುಮಿನೇಟರ್' ಅನ್ನೋ 281 ಹಾರ್ಸ್‌ಪವರಿನ ಎಲೆಕ್ಟ್ರಿಕ್ ಮೋಟಾರನ್ನ ಹಳೇ ಗಾಡಿಗಳಿಗೆ ಹಾಕೋಕೆ ಅಂತ ಪೆಟ್ಟಿಗೆಯಲ್ಲಿಟ್ಟು ಮಾರೋಕೆ ಶುರು ಮಾಡಿತು. ಪೆಟ್ಟಿಗೆಯಲ್ಲಿ ಬಂದಿದ್ದು ಮೋಟಾರು. ಬ್ಯಾಟರಿ, ಇನ್ವರ್ಟರ್, ಕಂಟ್ರೋಲರ್, ಕೂಲಿಂಗ್, ಅಷ್ಟು ತೂಕವನ್ನ ಎಲ್ಲಿ ಕೂರಿಸೋದು ಅನ್ನೋ ಲೆಕ್ಕ, ಎಲ್ಲ ಕೊಂಡವನ ತಲೆಗೆ. ಇದು ಒಂದು ಬ್ರಾಂಚಿನವರು ಮುಗಿಸೋ ಕೆಲಸವಲ್ಲ. ನಮ್ಮಲ್ಲಿ ನೋಡಿದ್ರೆ ಪ್ರಾಜೆಕ್ಟ್ ಬ್ಯಾಚಿನ ನಾಲ್ಕೂ ಜನ ಒಂದೇ ಬ್ರಾಂಚಿನವರಾಗಿರಬೇಕು ಅನ್ನೋ ನಿಯಮ.

ಅದಕ್ಕೇ ಎರಡು ಬೇಡಿಕೆ ಬರೆದು ಅರ್ಜಿ ತಯಾರು ಮಾಡಿದ್ದೀವಿ. ಮಿಶ್ರ ಬ್ರಾಂಚಿನ ಬ್ಯಾಚಿಗೆ ಅವಕಾಶ ಬೇಕು; ಜೋಡಣೆಯ ಪ್ರಾಜೆಕ್ಟುಗಳಲ್ಲಿ ಎಲ್ಲೆಲ್ಲಿ ಕೂಡಲಿಲ್ಲ, ಏನು ಅಳೆದು ಹೇಗೆ ಕೂಡಿಸಿದ್ರು ಅನ್ನೋ ದಾಖಲೆಗೆ ಪ್ರತ್ಯೇಕ ಅಂಕ ಬೇಕು. ಪ್ರತಿ ಕ್ಲಬ್ಬಿನ ರೂಮಿನಲ್ಲಿದೆ. ಏಳನೇ ಸೆಮಿಸ್ಟರಿನ ಬ್ಯಾಚ್ ಪಟ್ಟಿ ನೋಟಿಸ್ ಬೋರ್ಡಿಗೆ ಬರೋ ಮೊದಲು ಬಂದು ಸಹಿ ಹಾಕಿ. ಪೆನ್ನು ನಿಮ್ಮದೇ ತನ್ನಿ, ನಮ್ಮ ರೂಮಿನಲ್ಲಿ ಇಟ್ಟ ಪೆನ್ನು ಒಂದು ದಿನವೂ ಉಳಿಯಲ್ಲ.