ಇಪ್ಪತ್ತರ ಗೆರೆಯ ಕೆಳಗಿನ ಮುಪ್ಪು

ಹೈದರಾಬಾದಿನ ಉಡುಪಿ ಹೋಟೆಲುಗಳ ರುಚಿಯನ್ನು ಹೊಗಳುವ ನಾವು, ಅಲ್ಲಿ ದೋಸೆ ಹುಯ್ದ ಕೈಗಳ ಮುಪ್ಪಿನ ಬಗ್ಗೆ ಮೌನ ತಾಳುತ್ತೇವೆ. 1952ರ ಭವಿಷ್ಯನಿಧಿ ಕಾಯ್ದೆ 50 ನೌಕರರಿಗೆ ಎಳೆದ ಗೆರೆ 1960ರಲ್ಲಿ 20ಕ್ಕಿಳಿದು ಅಲ್ಲಿಯೇ ನಿಂತಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಅಳಿಸಲಿಲ್ಲ. ಹನ್ನೆರಡು ಮಂದಿಯ ಹೋಟೆಲಿಗೆ ಇದೊಂದು ನೆಪ. ಮಾಲೀಕರೂ ಬಹುಪಾಲು ನೌಕರರೂ ಒಪ್ಪಿದರೆ ಸಣ್ಣ ಸಂಸ್ಥೆಯೂ ಸೇರಬಹುದೆಂದು ಕಾನೂನೇ ಹೇಳುತ್ತದೆಯಲ್ಲ!

ಮಹಾರಾಷ್ಟ್ರದ 1969ರ ಮಾಥಾಡಿ ಕಾಯ್ದೆ ಇನ್ನೂ ಮುಂದೆ ಹೋಯಿತು: ಹಲವು ವರ್ತಕರ ಬಳಿ ದುಡಿಯುವ ಹಮಾಲರಿಗೆ ಒಂದೇ ಮಂಡಳಿ, ವರ್ತಕರು ಅದಕ್ಕೆ ಹಣ ಕಟ್ಟಬೇಕು, ಭವಿಷ್ಯನಿಧಿಯನ್ನು ಅದು ನಡೆಸಬೇಕು. ಮೂಟೆ ಹೊರುವವನಿಗೆ ಸಂದದ್ದು ತಟ್ಟೆ ತೊಳೆಯುವವನಿಗೇಕೆ ಸಲ್ಲದು? ಸಣ್ಣ ಹೋಟೆಲುಗಳಿಗೂ ಇಂಥ ಮಂಡಳಿಯನ್ನು ಸರ್ಕಾರ ರಚಿಸಲಿ. ಅಲ್ಲಿಯವರೆಗೆ ಕನ್ನಡಿಗ ಮಾಲೀಕರು ತಾವಾಗಿಯೇ ಭವಿಷ್ಯನಿಧಿಗೆ ಸೇರಲಿ. ರಾಜ್ಯೋತ್ಸವಕ್ಕೆ ಕೊಟ್ಟ ದೇಣಿಗೆ ಈ ಋಣವನ್ನು ತೀರಿಸದು.