ನಡೆಯದ ಕಾಳಗದ ನ್ಯಾಯ

ಕರಾರುಭಂಗಕ್ಕೆ ಪರಿಹಾರವನ್ನು ಹೇಗೆ ಲೆಕ್ಕ ಹಾಕಬೇಕು ಎಂಬುದನ್ನು ಕಲಿಸಲು ಅಮೆರಿಕದ ಕಾನೂನು ಪಠ್ಯಗಳು ಒಂದು ಹಳೆಯ ಮೊಕದ್ದಮೆಯನ್ನು ಉದಾಹರಿಸುತ್ತವೆ. 1926ರ ಮಾರ್ಚ್‌ನಲ್ಲಿ ಹೆವಿವೇಟ್ ಬಾಕ್ಸಿಂಗ್‌ನ ವಿಶ್ವ ಚಾಂಪಿಯನ್ ಜಾಕ್ ಡೆಂಪ್ಸಿ ಷಿಕಾಗೊದ ಕ್ಲಬ್ ಒಂದರೊಡನೆ ಕರಾರು ಮಾಡಿಕೊಂಡ. ಮುಂಗಡವೆಂದು ಹತ್ತು ಡಾಲರ್ ಪಡೆದು, ಸೆಪ್ಟೆಂಬರ್‌ನಲ್ಲಿ ಹ್ಯಾರಿ ವಿಲ್ಸ್ ಎಂಬಾತನೊಡನೆ ಸೆಣಸಲು ಒಪ್ಪಿಕೊಂಡ. ಕೆಲವೇ ತಿಂಗಳಲ್ಲಿ ಆ ಮಾತನ್ನು ಮುರಿದು ಜೀನ್ ಟನ್ನಿ ಎಂಬ ಬೇರೊಬ್ಬ ಎದುರಾಳಿಯ ಕಡೆ ಹೊರಟ. ಕ್ಲಬ್ ದಾವೆ ಹೂಡಿತು. 1932ರಲ್ಲಿ ಇಲಿನಾಯ್ ರಾಜ್ಯದ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು: ನಡೆಯದ ಕಾಳಗದಿಂದ ಬರಬಹುದಾಗಿದ್ದ ಲಾಭ ಕೇವಲ ಊಹೆ, ಅದನ್ನು ಕೊಡಿಸಲಾಗದು, ಕರಾರನ್ನು ನಂಬಿ ಮಾಡಿದ ಖರ್ಚನ್ನು ರುಜುವಾತುಪಡಿಸಿದರೆ ಅಷ್ಟನ್ನು ಕೇಳಬಹುದು.

ಆ ಮೊಕದ್ದಮೆಯಲ್ಲಿ ವಿಲ್ಸ್ ವಾದಿಯಲ್ಲ, ಪ್ರತಿವಾದಿಯೂ ಅಲ್ಲ. ಆತನ ನಷ್ಟವೆಷ್ಟು ಎಂದು ಅಲ್ಲಿ ಯಾರೂ ಕೇಳಲಿಲ್ಲ. ನಾವು ಈಗ ಕೇಳಬೇಕೆಂದಿರುವುದು ಅದನ್ನೇ. ನ್ಯಾಯಾಲಯ ಊಹೆಯನ್ನೂ ರುಜುವಾತನ್ನೂ ಬೇರ್ಪಡಿಸಿದ ರೀತಿ ನಮಗೂ ಉಪಯುಕ್ತ. ವಿಲ್ಸ್ ಗೆಲ್ಲುತ್ತಿದ್ದನೇ ಎಂಬುದು ಊಹೆ. ಆತನಿಗೆ ಅವಕಾಶ ಸಲ್ಲಬೇಕಾಗಿತ್ತು ಎಂಬುದಕ್ಕೆ ಮಾತ್ರ ರುಜುವಾತಿದೆ.

ಹಿನ್ನೆಲೆಯನ್ನು ನೆನೆಯದೆ ಈ ವಾದ ನಿಲ್ಲದು. 1908ರಲ್ಲಿ ಸಿಡ್ನಿಯಲ್ಲಿ ಜಾಕ್ ಜಾನ್ಸನ್ ಕಪ್ಪು ಜನರ ಪೈಕಿ ಮೊದಲ ಹೆವಿವೇಟ್ ಚಾಂಪಿಯನ್ ಆದ. 1910ರ ಜುಲೈ 4ರಂದು ರೀನೊ ನಗರದಲ್ಲಿ ಆತ ಬಿಳಿಯರ ಆಶಾಕಿರಣವಾಗಿದ್ದ ಜೆಫ್ರೀಸ್‌ನನ್ನು ಸೋಲಿಸಿದಾಗ ಅಮೆರಿಕದ ಹಲವು ನಗರಗಳಲ್ಲಿ ಗಲಭೆಯಾಯಿತು, ಹೆಣಗಳು ಬಿದ್ದವು. ಸತ್ತವರಲ್ಲಿ ಹೆಚ್ಚಿನವರು ಕಪ್ಪು ಜನರೇ. 1915ರಲ್ಲಿ ಹವಾನಾದಲ್ಲಿ ಜಾನ್ಸನ್ ಸೋತ. ಅಲ್ಲಿಂದ 1937ರಲ್ಲಿ ಜೋ ಲೂಯಿಸ್ ಕಣಕ್ಕಿಳಿಯುವವರೆಗೆ, ಇಪ್ಪತ್ತೆರಡು ವರ್ಷ, ಹೆವಿವೇಟ್ ಪಟ್ಟಕ್ಕಾಗಿ ಕಾದುವ ಅವಕಾಶ ಒಬ್ಬನೇ ಒಬ್ಬ ಕಪ್ಪು ಸ್ಪರ್ಧಿಗೂ ದೊರೆಯಲಿಲ್ಲ. ಹೀಗೆಂದು ಯಾವ ಶಾಸನವೂ ಬರೆದಿರಲಿಲ್ಲ. ‘ವರ್ಣರೇಖೆ’ ಎಂಬ ರೂಢಿಯೇ ಸಾಕಾಗಿತ್ತು. 1919ರಲ್ಲಿ ಪಟ್ಟಕ್ಕೆ ಬಂದ ಡೆಂಪ್ಸಿ, ಕಪ್ಪು ಸ್ಪರ್ಧಿಗಳೊಡನೆ ತಾನು ಕಾದುವುದಿಲ್ಲವೆಂದು ಆರಂಭದಲ್ಲೇ ಸಾರಿದ್ದ.

ವಿಲ್ಸ್ ನ್ಯೂ ಆರ್ಲಿಯನ್ಸ್‌ನವನು, ಅಲ್ಲಿನ ಬಂದರುಕಟ್ಟೆಯಲ್ಲಿ ಸರಕು ಹೊತ್ತು ಬೆಳೆದವನು. ಆತನ ದಾಖಲೆಯನ್ನು ನೋಡಿದವರಿಗೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಸ್ಯಾಮ್ ಲ್ಯಾಂಗ್‌ಫರ್ಡ್ ಎಂಬ ಒಬ್ಬನೇ ಎದುರಾಳಿಯೊಡನೆ ಆತ ಹದಿನೈದಕ್ಕೂ ಹೆಚ್ಚು ಬಾರಿ ಸೆಣಸಿದ್ದಾನೆ. ಇದು ವೈಷಮ್ಯದ ಕಥೆಯಲ್ಲ. ಒಳ್ಳೆಯ ಬಿಳಿಯ ಬಾಕ್ಸರ್‌ಗಳು ಎದುರಾಗದಿದ್ದಾಗ ಒಳ್ಳೆಯ ಕಪ್ಪು ಬಾಕ್ಸರ್‌ಗಳು ಹೊಟ್ಟೆಪಾಡಿಗಾಗಿ ತಮ್ಮತಮ್ಮಲ್ಲೇ ಹೊಡೆದಾಡಬೇಕಾಗಿತ್ತು. ‘ಕಪ್ಪು ಜನರ ವಿಶ್ವ ಚಾಂಪಿಯನ್’ ಎಂಬ ಪ್ರತ್ಯೇಕ ಪಟ್ಟವೊಂದಿತ್ತು. ವಿಲ್ಸ್ ಅದನ್ನು ಮತ್ತೆ ಮತ್ತೆ ಗೆದ್ದ. ಪಂಕ್ತಿಯಿಂದ ಎಬ್ಬಿಸಿ ಜಗಲಿಯಲ್ಲಿ ಬೇರೆ ಎಲೆ ಹಾಕಿದಂತಿತ್ತು ಆ ಗೌರವ.

ಸಿಕ್ಕ ಬಿಳಿಯ ಎದುರಾಳಿಗಳ ಮುಂದೆ ಆತ ಹೇಗಿದ್ದ? 1920ರಲ್ಲಿ ಹೆಸರಾಂತ ಫ್ರೆಡ್ ಫುಲ್ಟನ್‌ನನ್ನು ಮೂರನೆಯ ಸುತ್ತಿನಲ್ಲಿ ಕೆಡವಿದ. 1924ರ ಸೆಪ್ಟೆಂಬರ್‌ನಲ್ಲಿ ಅರ್ಜೆಂಟೀನದ ಲೂಯಿಸ್ ಫಿರ್ಪೊನ ಮೇಲೆ ಹನ್ನೆರಡು ಸುತ್ತೂ ಮೇಲುಗೈ ಸಾಧಿಸಿದ. ಇದೇ ಫಿರ್ಪೊ ಹಿಂದಿನ ವರ್ಷ ಡೆಂಪ್ಸಿಯನ್ನು ಹಗ್ಗಗಳಾಚೆ ದಬ್ಬಿ ಕಣದಿಂದಲೇ ಹೊರಗೆ ಬೀಳಿಸಿದ್ದವನು.

ಅತ್ತ ಡೆಂಪ್ಸಿ ಏನು ಮಾಡುತ್ತಿದ್ದ? 1921ರಲ್ಲಿ ತನಗಿಂತ ಹಗುರ ತೂಕದ ಕಾರ್ಪಾಂಟಿಯೆಯೊಡನೆ, 1923ರಲ್ಲಿ ಅಂಥವನೇ ಆದ ಗಿಬ್ಬನ್ಸ್‌ನೊಡನೆ ಕಾದಿದ. ಅದೇ ವರ್ಷ ಫಿರ್ಪೊನನ್ನು ಗೆದ್ದ ಮೇಲೆ ಮೂರು ವರ್ಷ ಪಟ್ಟವನ್ನು ಪಣಕ್ಕೊಡ್ಡಲೇ ಇಲ್ಲ. ವಿಲ್ಸ್‌ನೊಡನೆ ಕಾದುವ ಒಪ್ಪಂದಕ್ಕೆ 1922ರಲ್ಲಿ ಸಹಿ ಬಿತ್ತು. ಅದನ್ನು ನಡೆಸಲು ಆಯೋಜಕರು ಮುಂದೆ ಬರಲಿಲ್ಲ. 1925ರಲ್ಲಿ ಮತ್ತೆ ಸಹಿ ಬಿತ್ತು. ಡೆಂಪ್ಸಿಗೆ ಕೊಟ್ಟ ಮುಂಗಡದ ಚೆಕ್ಕು ಬ್ಯಾಂಕಿನಲ್ಲಿ ನಡೆಯಲಿಲ್ಲ. 1926ರ ಕರಾರಿನ ಗತಿಯನ್ನು ಮೊದಲೇ ಹೇಳಿದೆವು. ಆ ವರ್ಷ ನ್ಯೂಯಾರ್ಕಿನ ಕ್ರೀಡಾ ಆಯೋಗ, ಮೊದಲು ವಿಲ್ಸ್‌ಗೆ ಅವಕಾಶ ಕೊಡಬೇಕೆಂದು ಪಟ್ಟು ಹಿಡಿಯಿತು. ಟನ್ನಿಯೊಡನೆ ನಡೆಯಬೇಕಿದ್ದ ಕಾಳಗ ಫಿಲಡೆಲ್ಫಿಯಾಕ್ಕೆ ವರ್ಗವಾಯಿತು. ಒಂದು ಲಕ್ಷಕ್ಕೂ ಮಿಕ್ಕ ಜನರೆದುರು ಡೆಂಪ್ಸಿ ಪಟ್ಟ ಕಳೆದುಕೊಂಡ. ಮುಂದಿನ ತಿಂಗಳೇ ವಿಲ್ಸ್ ಜಾಕ್ ಷಾರ್ಕಿಗೆ ಸೋತ. ಅಲ್ಲಿಗೆ ಆತನ ಕನಸು ಮುಗಿಯಿತು.

ಎದುರು ವಾದವನ್ನೂ ಪ್ರಾಮಾಣಿಕವಾಗಿ ಕೇಳಬೇಕು. ವಿಲ್ಸ್ ಮೂರು ಸುತ್ತಿನಲ್ಲಿ ಕೆಡವಿದ ಫುಲ್ಟನ್‌ನನ್ನು ಡೆಂಪ್ಸಿ 1918ರಲ್ಲಿ ಅರ್ಧ ನಿಮಿಷವೂ ನಿಲ್ಲಗೊಟ್ಟಿರಲಿಲ್ಲ. ವಿಲ್ಸ್ ಹನ್ನೆರಡು ಸುತ್ತಿನಲ್ಲೂ ನೆಲಕ್ಕೆ ಕೆಡವಿ ಮುಗಿಸಲಾರದ ಫಿರ್ಪೊನನ್ನು ಡೆಂಪ್ಸಿ ಎರಡೇ ಸುತ್ತಿನಲ್ಲಿ ಮುಗಿಸಿದ್ದ. ಆದ್ದರಿಂದ ಕಾಳಗ ನಡೆದಿದ್ದರೂ ಡೆಂಪ್ಸಿಯೇ ಗೆಲ್ಲುತ್ತಿದ್ದ ಎನ್ನುವವರಿದ್ದಾರೆ. ಇರಬಹುದು. ಆದರೆ ಈ ಮಾತು ಡೆಂಪ್ಸಿಯ ಪರ ವಾದವಾಗುವ ಬದಲು ಆತನಿಗೇ ಮುಳುವಾಗುತ್ತದೆ. ಗೆಲುವು ಅಷ್ಟು ಖಚಿತವಾಗಿದ್ದರೆ ತಪ್ಪಿಸಿಕೊಳ್ಳಲು ಏಳು ವರ್ಷ ಏಕೆ ಬೇಕಾಯಿತು? ಮೇಲಾಗಿ, ಗೆಲ್ಲುವುದು ನಿಶ್ಚಿತವಾದವನಿಗೆ ಮಾತ್ರ ಅವಕಾಶ ಎನ್ನುವುದಾದರೆ ಪಂದ್ಯಗಳೇ ಬೇಕಿಲ್ಲ. ಅಗ್ರ ಸ್ಪರ್ಧಿಗೆ ಸಲ್ಲುವುದು ಗೆಲುವಲ್ಲ, ಕಣ. ಷಾರ್ಕಿಗೆ ಸೋತ ವಿಲ್ಸ್ ಹದಿನೈದು ವರ್ಷ ಹೊಡೆತ ತಿಂದು ಸವೆದ ದೇಹದವನು. ಕಾಯಿಸಿ ಕಾಯಿಸಿ ಮುದುಕನನ್ನಾಗಿಸಿ, ಆಮೇಲೆ ಮುದುಕನೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಇನ್ನೊಂದು ಸಮರ್ಥನೆ ಗಲಭೆಯ ಭಯದ್ದು. 1910ರ ನೆನಪು ಆಯೋಜಕ ಟೆಕ್ಸ್ ರಿಕರ್ಡ್‌ಗೆ ನಿಜವಾಗಿಯೂ ಇತ್ತು. ರೀನೊ ಕಾಳಗವನ್ನು ನಡೆಸಿದವನೇ ಆತ. ಆದರೆ ಹೊಡೆದವರು ಕೆರಳಿಯಾರು ಎಂದು ಹೊಡೆಸಿಕೊಂಡವರ ಹಕ್ಕನ್ನು ಕಿತ್ತುಕೊಳ್ಳುವುದು ಶಾಂತಿಪಾಲನೆಯಾಗದು. ವಿಲ್ಸ್ ಮತ್ತು ಫಿರ್ಪೊರನ್ನು ನೋಡಲು ಜರ್ಸಿ ಸಿಟಿಯಲ್ಲಿ ಹತ್ತಾರು ಸಾವಿರ ಜನ ಸೇರಿದ್ದರು, ನೋಡಿ ಮನೆಗೆ ಹೋದರು. ಇದರಲ್ಲಿ ಬಿಳಿಯರ ದ್ವೇಷವೊಂದೇ ಇತ್ತು ಎನ್ನುವುದೂ ಅಪೂರ್ಣ ಸತ್ಯ. ಸ್ವತಃ ಜಾನ್ಸನ್ ತಾನು ಚಾಂಪಿಯನ್ ಆಗಿದ್ದಾಗ ಲ್ಯಾಂಗ್‌ಫರ್ಡ್‌ಗೆ ಅವಕಾಶ ಕೊಡಲಿಲ್ಲ. ಬಿಳಿಯ ಎದುರಾಳಿಯಿಂದ ಹಣ ಹೆಚ್ಚು, ಅಪಾಯ ಕಡಿಮೆ. ದ್ವೇಷ ಕಟ್ಟಿದ ಗೋಡೆಯನ್ನು ಲಾಭ ಕಾವಲು ಕಾಯುತ್ತದೆ.

ಮುಂಬಯಿ ಪುಣೆಗಳ ನಮ್ಮ ಓದುಗರಿಗೆ ಇದು ದೂರದ ಕಥೆಯೆನಿಸಬೇಕಿಲ್ಲ. ಅದೇ ಕಾಲದಲ್ಲಿ, ಧಾರವಾಡದಲ್ಲಿ ಹುಟ್ಟಿ ಪುಣೆಯ ಮೈದಾನಗಳಲ್ಲಿ ದುಡಿಯುತ್ತ ಬೆಳೆದ ದಲಿತ ಬೌಲರ್ ಪಾಲ್ವಣಕರ್ ಬಾಳೂ ಮುಂಬಯಿಯ ಹಿಂದೂ ತಂಡಕ್ಕೆ ಪಂದ್ಯಗಳನ್ನು ಗೆದ್ದುಕೊಡುತ್ತಿದ್ದ. ಆತನ ವಿಕೆಟ್‌ಗಳು ತಂಡಕ್ಕೆ ಬೇಕಿದ್ದವು. ನಾಯಕತ್ವ ಮಾತ್ರ ಆತನಿಗೆ ದಕ್ಕಲಿಲ್ಲ. ಆ ಬಾಗಿಲು 1923ರಲ್ಲಿ ತಮ್ಮ ವಿಠ್ಠಲನಿಗೆ ತೆರೆಯಿತು. ಬಾಳೂವಿಗೆ ಆಡಲು ಮೈದಾನವಾದರೂ ಇತ್ತು. ವಿಲ್ಸ್‌ಗೆ ಕಣವೇ ಇರಲಿಲ್ಲ. ಆದರೂ ಎರಡು ಕಡೆಯೂ ತಂತ್ರ ಒಂದೇ: ಯೋಗ್ಯತೆಯನ್ನು ಅಲ್ಲಗಳೆಯದೆ ‘ಇನ್ನೂ ಕಾಲ ಬಂದಿಲ್ಲ’ ಎನ್ನುವುದು.

ಬಾಕ್ಸಿಂಗ್ ಸಂಸ್ಥೆಗಳಲ್ಲಿ ಇಂದು ಕಡ್ಡಾಯ ಸ್ಪರ್ಧಿ ಎಂಬ ನಿಯಮವಿದೆ. ಅಗ್ರ ಸ್ಪರ್ಧಿಯನ್ನು ಚಾಂಪಿಯನ್ ಗೊತ್ತಾದ ಅವಧಿಯೊಳಗೆ ಎದುರಿಸಬೇಕು. ಆದರೂ ಹಣ ಕೊಟ್ಟು ಸ್ಪರ್ಧಿಯನ್ನು ಪಕ್ಕಕ್ಕೆ ಸರಿಸುವ ರೂಢಿ ಉಳಿದೇ ಇದೆ. ಅದನ್ನು ವ್ಯಾಪಾರವೆಂದು ನಗುವವರು ವಿಲ್ಸ್‌ನನ್ನು ನೆನೆಯಬೇಕು. ಆತ ನಿವೃತ್ತನಾಗಿ ಹಾರ್ಲೆಮ್‌ನಲ್ಲಿ ಮನೆಗಳನ್ನು ಕೊಂಡು ಬಾಡಿಗೆಗೆ ಕೊಟ್ಟು ನೆಮ್ಮದಿಯಾಗಿಯೇ ಬಾಳಿದ, 1958ರಲ್ಲಿ ತೀರಿಕೊಂಡ. 1992ರಲ್ಲಿ ಅಂತರರಾಷ್ಟ್ರೀಯ ಬಾಕ್ಸಿಂಗ್ ಗೌರವ ಭವನ ಆತನ ಹೆಸರನ್ನು ಸೇರಿಸಿಕೊಂಡಿತು. ಆ ಗೌರವ ಒಳ್ಳೆಯದೇ, ಆದರೆ ಅದರಿಂದ ಬಾಕಿ ತೀರಲಿಲ್ಲ. ಡೆಂಪ್ಸಿಯ ಗೆಲುವುಗಳನ್ನು ಪಟ್ಟಿ ಮಾಡುವ ಪುಟಗಳು ಆತ ಎದುರಿಸದೆ ಬಿಟ್ಟವನ ಹೆಸರನ್ನೂ ಅದರ ಪಕ್ಕದಲ್ಲೇ ಬರೆಯಬೇಕು. ಆ ಏಳು ವರ್ಷಗಳ ಪಟ್ಟಕ್ಕೆ ಎಷ್ಟು ಬೆಲೆ ಎಂಬುದು ಓದುವವರಿಗೆ ಆಗಲೇ ತಿಳಿದೀತು.