ಫೋಟೋದಲ್ಲಿ ಬಿಳಿ ಹೊಳಪು ಕಾಣೋವರೆಗೆ ಕಾಯೋದ್ಯಾಕೆ?

1/7
ಫ್ಲ್ಯಾಶ್ ಹಾಕಿ ತೆಗೆದ ಮಗುವಿನ ಫೋಟೋ. ಒಂದು ಪಾಪೆ ಕೆಂಪಗೆ, ಇನ್ನೊಂದು ಬೆಕ್ಕಿನ ಕಣ್ಣಿನ ಹಾಗೆ ಬೆಳ್ಳಗೆ. "ಇದು ಕ್ಯಾನ್ಸರ್ ಇರಬಹುದು, ಶೇರ್ ಮಾಡಿ" ಅನ್ನೋ ರೀಲ್ ನಿಮ್ಮ ಫೀಡಿಗೂ ಬಂದಿರುತ್ತೆ. ಶೇರ್ ಮಾಡಿ, ತಪ್ಪೇನಿಲ್ಲ. ಆ ಹೊಳಪು ಕಂಡ್ರೆ ತಡ ಮಾಡದೆ ಕಣ್ಣಿನ ಡಾಕ್ಟರ ಹತ್ರ ಓಡಲೇಬೇಕು. ಆದ್ರೆ ಕೆಲವು ಮನೆಗಳ ಮಟ್ಟಿಗೆ ಆ ರೀಲ್ ಅರ್ಧ ಸತ್ಯ. ನನ್ನ ಜಗಳ ಉಳಿದ ಅರ್ಧದ್ದು. ಸ್ವೈಪ್ ಮಾಡಿ.

2/7
ರೋಗದ ಹೆಸರು ರೆಟಿನೋಬ್ಲಾಸ್ಟೋಮಾ. ಕಣ್ಣಿನ ಹಿಂಭಾಗದ ಪದರ, ರೆಟಿನಾದಲ್ಲಿ ಬೆಳೆಯೋ ಗಡ್ಡೆ. ಬಹುತೇಕ 5 ವರ್ಷದೊಳಗಿನ ಮಕ್ಕಳಿಗೆ ಬರುತ್ತೆ. ಇವರಲ್ಲಿ ಸುಮಾರು 40% ಮಕ್ಕಳಿಗೆ ಆರ್‌ಬಿ1 ಅನ್ನೋ ಜೀನ್‌ನ ದೋಷ ಹುಟ್ಟಿನಿಂದಲೇ ಇರುತ್ತೆ. 1971ರಲ್ಲಿ ಆಲ್ಫ್ರೆಡ್ ನುಡ್ಸನ್ 48 ಪ್ರಕರಣಗಳನ್ನು ಲೆಕ್ಕ ಹಾಕಿ ಹೇಳಿದ್ದು ಇಷ್ಟೇ: ಗಡ್ಡೆ ಹುಟ್ಟೋಕೆ ಎರಡು ಪೆಟ್ಟು ಬೇಕು. ಈ ಮಕ್ಕಳು ಮೊದಲ ಪೆಟ್ಟು ತಿಂದೇ ಹುಟ್ಟಿದವರು. ಬಾಕಿ ಇರೋದು ಒಂದೇ.

3/7
ಅಪ್ಪನಿಗೋ ಅಮ್ಮನಿಗೋ ಆ ದೋಷ ಇದ್ರೆ, ಹುಟ್ಟೋ ಪ್ರತಿ ಮಗುವಿಗೂ ಅದು ಬರೋ ಸಾಧ್ಯತೆ 50%. ಪಿಯುಸಿಯಲ್ಲಿ ಮೆಂಡೆಲ್‌ನ ಬಟಾಣಿ ಗಿಡದ ಮೇಲೆ ಇದೇ ಲೆಕ್ಕ ಮಾಡಿ ಮಾರ್ಕ್ಸ್ ತಗೊಂಡ್ವಿ ಅಲ್ವಾ? ಅದೇ ಲೆಕ್ಕ ಮನೆಯೊಳಗೆ ಬಂದ್ರೆ ಮಾತ್ರ "ಹಣೆಬರಹ" ಅಂತೀವಿ. ಇದು ಹಣೆಬರಹ ಅಲ್ಲ. ಮೊದಲೇ ಸಿಕ್ಕಿರೋ ಎಚ್ಚರಿಕೆ.

4/7
ಇಂಥ ಮನೆಯ ಮಗುವಿಗೆ ಫೋಟೋ ನೋಡ್ತಾ ಕೂರೋದು, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಬಿಳುಪು ಕಾಣೋ ಹೊತ್ತಿಗೆ ಗಡ್ಡೆ ಸಾಮಾನ್ಯವಾಗಿ ದೊಡ್ಡದಾಗಿರುತ್ತೆ. ತಪಾಸಣೆ ಶುರುವಾಗಬೇಕಾದ್ದು ಹುಟ್ಟಿದ ಮೊದಲ ದಿನಗಳಲ್ಲೇ. ಮೊದಲ ವರ್ಷ ಸುಮಾರು ತಿಂಗಳಿಗೊಮ್ಮೆ, ಶುರುವಿನ ವಾರಗಳಲ್ಲಿ ಇನ್ನೂ ಬೇಗ ಬೇಗ. ಆಮೇಲೆ ಅಂತರ ಹೆಚ್ಚಿಸ್ತಾ ಸುಮಾರು 7 ವರ್ಷದವರೆಗೆ. ಗಡ್ಡೆ ಚಿಕ್ಕದಿದ್ದಾಗ ಲೇಸರ್‌ನಿಂದಲೋ, ಹೆಪ್ಪುಗಟ್ಟಿಸಿಯೋ ಸುಟ್ಟುಹಾಕಬಹುದು. ಕಣ್ಣೂ ಉಳಿಯುತ್ತೆ, ದೃಷ್ಟಿಯೂ ಉಳಿಯುತ್ತೆ. ತಡವಾದ್ರೆ ಕಣ್ಣನ್ನೇ ತೆಗೆಯಬೇಕಾಗಬಹುದು. ಇನ್ನೂ ತಡವಾದ್ರೆ ಅದು ಕಣ್ಣಿನ ನರದ ದಾರಿ ಹಿಡಿದು ಮೆದುಳಿಗೆ ಹೋಗುತ್ತೆ. ಆಗ ಪ್ರಶ್ನೆ ಕಣ್ಣಿನದ್ದಲ್ಲ, ಜೀವದ್ದು.

5/7
"ಚೆನ್ನಾಗಿ ಆಡ್ಕೊಂಡಿರೋ ಕೂಸಿಗೆ ಪದೇ ಪದೇ ಅರಿವಳಿಕೆ ಕೊಡ್ಸೋದಾ?" ಅಂತ ಅಜ್ಜಿ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರ ರಕ್ತಪರೀಕ್ಷೆಯಲ್ಲಿದೆ. ಮೊದಲು ಕಾಯಿಲೆ ಬಂದವರ ರಕ್ತದಲ್ಲಿ ದೋಷ ಎಲ್ಲಿದೆ ಅಂತ ಪತ್ತೆಹಚ್ಚಿದ್ರೆ, ತಮ್ಮ ತಂಗಿಯರಲ್ಲಿ ಅದೊಂದನ್ನೇ ಹುಡುಕಿದ್ರೆ ಸಾಕು. ಇಲ್ಲ ಅಂತ ಬಂದ್ರೆ ಆ ಮಗುವಿಗೆ ಈ ಓಡಾಟವೇ ಬೇಡ. ಪರೀಕ್ಷೆ ಅಂದ್ರೆ ಬರೀ ಕೆಟ್ಟ ಸುದ್ದಿ ಅಲ್ಲ, ಎಷ್ಟೋ ಮಕ್ಕಳಿಗೆ ಬಿಡುಗಡೆ ಪತ್ರ.

6/7
ಇನ್ನೊಂದು ಮಾತು ಮೆಲ್ಲಗೆ ಬರುತ್ತೆ: "ಹೊರಗೆ ಗೊತ್ತಾದ್ರೆ ಹುಡುಗಿಗೆ ಮದುವೆ ಆಗಲ್ಲ." ಹಾಗಾಗಿ ಚಿಕ್ಕಪ್ಪನ ಗಾಜಿನ ಕಣ್ಣು "ಬಾಲ್ಯದಲ್ಲಿ ಬಿದ್ದು ಆದ ಗಾಯ" ಆಗಿಬಿಡುತ್ತೆ. ಮುಂದಿನ ಪೀಳಿಗೆಯ ಕೂಸಿಗೆ ಎಚ್ಚರಿಕೆಯೇ ತಲುಪಲ್ಲ. ಮನೆತನದ ಮರ್ಯಾದೆಯ ಬೆಲೆಯನ್ನು ಮಾತು ಬಾರದ ಮಗು ತನ್ನ ಕಣ್ಣಿಂದ ಕಟ್ಟಬೇಕಾ? ಇದನ್ನ ಕಾಳಜಿ ಅಂತ ಕರೀಬೇಡಿ. ಬದುಕುಳಿದವರಿಗೂ ಈ ಗುಟ್ಟು ಅಪಾಯ: ದೋಷ ಮೈಯಲ್ಲಿರೋರಿಗೆ ಮುಂದೆ ಮೂಳೆಯ ಕ್ಯಾನ್ಸರ್‌ನಂಥವು ಬರೋ ಸಾಧ್ಯತೆ ಹೆಚ್ಚು. ಗೊತ್ತಿದ್ರೆ ತಾನೇ ಎಚ್ಚರ ವಹಿಸೋದು?

7/7
ಆಸ್ಪತ್ರೆಗಳಿಗೂ ಒಂದು ಮಾತು. ಒಂದು ಮಗುವಿಗೆ ಚಿಕಿತ್ಸೆ ಕೊಟ್ಟು, "ಮನೆಯಲ್ಲಿ ಬೇರೆ ಮಕ್ಕಳಿದ್ದಾರಾ?" ಅಂತ ಕೇಳದೆ ಡಿಸ್ಚಾರ್ಜ್ ಮಾಡಿದ್ರೆ ಕೆಲಸ ಅರ್ಧವೇ ಆಗಿದ್ದು. ಆ ತಪಾಸಣೆ, ಆ ಜೀನ್ ಪರೀಕ್ಷೆ ಎರಡನ್ನೂ ಚಿಕಿತ್ಸೆಯ ಭಾಗ ಅಂತಲೇ ಎಣಿಸಿ ಉಚಿತವಾಗಿ ಕೊಡಬೇಕು. ದುಡ್ಡಿದ್ದವರ ಮಗುವಿಗೆ ಮಾತ್ರ ಎಚ್ಚರಿಕೆ ಸಿಗೋದು ನ್ಯಾಯ ಅಲ್ಲ.

ನೀವು ಮಾಡಬಹುದಾದ್ದು? ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ: ನಮ್ಮ ಕಡೆ ಯಾರಿಗಾದ್ರೂ ಚಿಕ್ಕಂದಿನಲ್ಲಿ ಕಣ್ಣು ತೆಗೆದಿದ್ರಾ? ಯಾಕೆ? ಉತ್ತರ ತಡವರಿಸಿದ್ರೆ ಬಿಡಬೇಡಿ, ಇನ್ನೊಂದ್ಸಲ ಕೇಳಿ.

#ರೆಟಿನೋಬ್ಲಾಸ್ಟೋಮಾ #ಮಕ್ಕಳಕಣ್ಣು #ಗುಟ್ಟುಬೇಡ